ಅತ್ತೆಯವರ ಮಾತು, ಮಾವನವರ ದುರಂತ ನಾಟಕ

ನಮ್ಮ ಮಾವನವರು ಒಂದು ದುರಂತ ನಾಟಕ ಬರೆದಿದ್ದರು. ಅದರಲ್ಲಿ ಏಳು ಜನ ಸಾಯುತ್ತಿದ್ದರು, ಕೇಳಲು ಕೂತವರನ್ನು ಬಿಟ್ಟು. ರೈಲ್ವೆ ಆಫೀಸಿನಲ್ಲಿ ಹೆಡ್ ಕ್ಲಾರ್ಕ್ ಆಗಿದ್ದಾಗ ಶುರು ಮಾಡಿದ್ದು, ರಿಟೈರಾಗಿ ಮದ್ರಾಸಿನ ಅಣ್ಣಾ ನಗರದ ಮನೆಗೆ ಬಂದ ಮೇಲೆ ಮುಗಿಸಿದ್ದು. ನಾನು ಆ ಮನೆಗೆ ಸೊಸೆಯಾಗಿ ಹೋದಾಗ ಎಪ್ಪತ್ತರ ದಶಕ ಅರ್ಧ ಕಳೆದಿತ್ತು. ಹೆಣ್ಣು ನೋಡಲು ಬಂದ ದಿನ ಅವರು ಹಾಡು ಬರುತ್ತಾ, ಅಡುಗೆ ಬರುತ್ತಾ ಎಂದೆಲ್ಲ ಕೇಳಲಿಲ್ಲ. "ಎಲ್ಲಿ, ಕನ್ನಡದಲ್ಲಿ ಒಂದೆರಡು ಸಾಲು ಬರೆದು ತೋರಿಸಮ್ಮ" ಎಂದರು. ನಾನು ಕೀಲ್ಪಾಕಿನ ಕಾನ್ವೆಂಟಿನಲ್ಲಿ ಓದಿದವಳು. ಕನ್ನಡ ಅಕ್ಷರ ಕಲಿಸಿದ್ದು ನಮ್ಮಜ್ಜಿ. ಅಭ್ಯಾಸ ಇಲ್ಲದ್ದರಿಂದ ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಇಡ್ಲಿ ಹುಯ್ದ ಹಾಗೆ ದುಂಡಗೆ ಬರೆದೆ. ಮಾವನವರ ಮುಖ ಅರಳಿತು. ಮದುವೆ ಗೊತ್ತಾಯಿತು. ಮಗನಿಗೆ ಹೆಂಡತಿ ಸಿಕ್ಕಿದಳು ಎಂದು ಊರೆಲ್ಲ ಅಂದುಕೊಂಡಿತು. ನಿಜವಾಗಿ ಸಿಕ್ಕಿದ್ದು ಮಾವನವರಿಗೆ, ನಾಟಕದ ಪ್ರತಿ ತೆಗೆಯುವವಳು.

ಮಧ್ಯಾಹ್ನದ ಊಟವಾಗಿ ಪಾತ್ರೆ ಎತ್ತಿಟ್ಟ ಮೇಲೆ ಊಟದ ಮೇಜಿನ ಮೇಲೇ ನನ್ನ ಕೆಲಸ. ಮಧ್ಯೆ ಎರಡು ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ. ಒಬ್ಬ ಪಾಳೆಯಗಾರ, ಅವನ ರಾಣಿ, ಹಾಲಿನಲ್ಲಿ ವಿಷ ಬೆರೆಸುವ ತಮ್ಮ, ಒಬ್ಬಳು ದಾಸಿ, ಮತ್ತೆ ಸಾಯುವುದಕ್ಕಾಗಿಯೇ ಬಂದು ಹೋಗುವ ಕೆಲವು ಸೈನಿಕರು. ರಾಣಿಯದು ಒಂದೊಂದು ಮಾತೂ ಐದೈದು ಪುಟ. ಪಾಳೆಯಗಾರ ಅದಕ್ಕೆ ಆರು ಪುಟದಲ್ಲಿ ಉತ್ತರ ಕೊಡುತ್ತಿದ್ದ. ರಾಣಿ, ರಾಜ, ದಾಸಿ, ವಿಷ ಹಾಕುವವನು, ಎಲ್ಲರೂ ಮಾತಾಡುತ್ತಿದ್ದದ್ದು ನಮ್ಮ ಮಾವನವರ ಹಾಗೇ: "ತಾವು ದಯಮಾಡಿ ಈ ಸಂಗತಿಯನ್ನು ಪರಾಮರ್ಶಿಸಿ ತಮ್ಮ ಅಭಿಮತವನ್ನು ತಿಳಿಯಪಡಿಸತಕ್ಕದ್ದು." ಸಾಯುವ ಸೈನಿಕ ಕೂಡ ಪ್ರಾಣ ಬಿಡುವ ಮುಂಚೆ ಅರ್ಜಿ ಸಲ್ಲಿಸುವವನ ಹಾಗೆ ಮಾತಾಡುತ್ತಿದ್ದ.

ಕಾನ್ವೆಂಟಿನಲ್ಲಿ ನಮಗೆ ಇಂಗ್ಲಿಷ್ ದುರಂತ ನಾಟಕ ಪಾಠ ಮಾಡಿದ ಸಿಸ್ಟರ್ ಒಬ್ಬರಿದ್ದರು. ನಾಯಕ ಸಾಯುವ ಪುಟ ಬಂದಾಗೆಲ್ಲ ನಿಲುವಂಗಿಯ ತೋಳಿನಿಂದ ಕರ್ಚೀಫು ತೆಗೆದು ಮೂಗು ಒರೆಸಿಕೊಂಡು, ಆಮೇಲೆ ನಗುತ್ತಿದ್ದವರನ್ನು ಹುಡುಕಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ದುರಂತ ನಾಯಕನಿಗೆ ಗುಣಗಳೆಲ್ಲ ಇದ್ದು ಒಂದೇ ಒಂದು ಕುಂದು ಇರಬೇಕು, ಆ ಕುಂದೇ ಅವನ ಬಾಯಿಂದ ಮಾತಾಗಿ ಬಂದು ಅವನನ್ನು ಕೆಡವಬೇಕು ಎಂದು ಅವರು ಹೇಳಿಕೊಟ್ಟಿದ್ದರು. ನಮ್ಮ ಮಾವನವರ ಪಾಳೆಯಗಾರನಿಗೆ ಕುಂದೇ ಇರಲಿಲ್ಲ. ಬಾಯಿ ಮಾತ್ರ ಇತ್ತು.

ಇನ್ನು ಅತ್ತೆಯವರು. ಅವರ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ಅತ್ತೆ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಮಾವನವರ ಹತ್ತಿರ ನೇರವಾಗಿ ಮಾತೇ ಆಡುತ್ತಿರಲಿಲ್ಲ. ಮದುವೆಯಾದ ಹೊಸದರಲ್ಲಿ ನಾಚಿಕೆಯಿಂದ ಶುರುವಾದದ್ದಂತೆ. ಆಮೇಲೆ ನಾಚಿಕೆ ಹೋಯಿತು, ಅಭ್ಯಾಸ ಉಳಿಯಿತು. ಮೊದಲು ಅವರ ಅತ್ತೆಯ ಮೂಲಕ, ನಂತರ ಮಕ್ಕಳ ಮೂಲಕ, ಕಡೆಗೆ ನನ್ನ ಮೂಲಕ.

"ಕಾಫಿ ಆರ್ತಾ ಇದೆ ಅಂತ ಹೇಳಮ್ಮ."

ಮಾವನವರು ಒಂದೂವರೆ ಅಡಿ ದೂರದಲ್ಲಿ ಪೇಪರ್ ಓದುತ್ತಾ ಕೂತಿರುತ್ತಿದ್ದರು.

"ಬಂದೆ ಅಂತ ಹೇಳು."

ಮೊದಲ ವಾರ ನಾನು ಬಹಳ ಶ್ರದ್ಧೆಯಿಂದ ಅತ್ತ ತಿರುಗಿ "ಮಾವ, ಕಾಫಿ ಆರ್ತಾ ಇದೆಯಂತೆ" ಎಂದು, ಇತ್ತ ತಿರುಗಿ "ಅತ್ತೆ, ಬಂದ್ರಂತೆ" ಎಂದು ತಲುಪಿಸುತ್ತಿದ್ದೆ. ನನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀನು ಏನೂ ಹೇಳ್ಬೇಕಾಗಿಲ್ಲ. ಮಧ್ಯದಲ್ಲಿ ನಿಂತಿದ್ರೆ ಸಾಕು."

ನಿಂತೆ. ನಿಂತಲ್ಲೇ ಒಂದಷ್ಟು ಕಲಿತೆ. ಅತ್ತೆಯವರ ಸಿಟ್ಟು ಎಷ್ಟಿದೆ ಎಂಬುದು ಅವರು ಯಾರಿಗೆ ಮಾತು ಹೇಳುತ್ತಾರೆ ಎಂಬುದರಲ್ಲಿ ಗೊತ್ತಾಗುತ್ತಿತ್ತು. ನನಗೆ ಹೇಳಿದರೆ ಮನೆಯಲ್ಲಿ ಶಾಂತಿ. ನನ್ನನ್ನು ಬಿಟ್ಟು ಹಿತ್ತಲಿನ ಬೋರ್ ಪಂಪಿಗೆ ಹೇಳಿದರೆ ("ಕೆಲವರಿಗೆ ಸ್ನಾನಕ್ಕೆ ಏಳೋಕೆ ಮುಹೂರ್ತ ಇಡಬೇಕು") ಮೋಡ ಮುಚ್ಚಿದೆ ಎಂದರ್ಥ. ದೇವರ ಮುಂದಿನ ದೀಪಕ್ಕೆ ಹೇಳಿದರೆ, ಮಕ್ಕಳೆಲ್ಲ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೊರಡುತ್ತಿದ್ದರು. ಸಿಟ್ಟು ಹೆಚ್ಚಾದಷ್ಟೂ ದನಿ ಮೆತ್ತಗೆ, ಮಾತು ವಿನಯ. ಮಾವನವರು ಮಾತ್ರ ಇದ್ಯಾವುದೂ ಕಿವಿಗೆ ಬೀಳದವರಂತೆ ಕೂತಿರುತ್ತಿದ್ದರು. ನಲವತ್ತು ವರ್ಷದ ತರಬೇತಿ.

ನಾಟಕ ಓದುವ ದಿನ ಬಂತು. ನಮ್ಮ ಕನ್ನಡ ಸಂಘದ ಕಾರ್ಯದರ್ಶಿ, ಹುಬ್ಬಳ್ಳಿ ಕಡೆಯವರು, ಬ್ಯಾಂಕಿನಲ್ಲಿ ಆಫೀಸರು, ನಮ್ಮ ಮನೆಗೇ ಬಂದು ಸೋಫಾದಲ್ಲಿ ಕೂತರು. ಮಾವನವರು ಓದಿದರು. ಎರಡನೇ ಅಂಕಕ್ಕೆ ಕಾರ್ಯದರ್ಶಿಗಳ ಕನ್ನಡಕ ಮೂಗಿನ ತುದಿಗೆ ಬಂತು. ಮೂರನೇ ಅಂಕಕ್ಕೆ ಮಡಿಲಿಗೆ ಬಿತ್ತು. ಅದು ಬಿದ್ದ ಸದ್ದಿಗೇ ಅವರಿಗೆ ಎಚ್ಚರವಾಯಿತು.

"ನಾಟಕಾ ಚಲೋ ಐತ್ರಿ ಸರ" ಎಂದರು ಕಣ್ಣೊರೆಸಿಕೊಳ್ಳುತ್ತಾ. "ಆದ್ರ ವಾರ್ಷಿಕೋತ್ಸವಕ್ಕ ಮಂದಿ ಬರೂದು ಊಟಕ್ಕರಿ. ಹ್ವಾದ ವರ್ಷ ಏನಾತು ಮರ್ತೀರೇನು? ಹೀರೋಯಿನ್ ಸಾಯಾಕತ್ತಿದ್ಲು, ಹಿಂದಿಂದ ಬಿಸಿಬೇಳೆ ಭಾತಿನ ವಾಸನಿ ಬಂತು. ಅರ್ಧಾ ಹಾಲ್ ಎದ್ದು ಹೋತು. ಪಾಪ, ಆಕಿ ಬರೇ ಕುರ್ಚಿಗಳ ಮುಂದ ಸತ್ಲು."

"ನನ್ನ ನಾಟಕದಲ್ಲಿ ಯಾರೂ ಏಳೋಲ್ಲ."

"ಏಳೂದಿಲ್ಲ ಖರೇ, ಎಲ್ಲಾರೂ ಮಲಗಿರ್ತಾರ. ಒಂದು ಕೆಲಸಾ ಮಾಡ್ರಿ. ಒಂದೂವರಿ ತಾಸಿಗೆ ಇಳಸ್ರಿ. ಮತ್ತ ಹಬ್ಬದಂಥಾ ದಿನಾ ಸಾಯೂದು ಬ್ಯಾಡ. ಕಡೀಕ ಎಲ್ಲಾರೂ ಎದ್ದು ನಿಂತು ಮಂಗಳಾರತಿ ಹಾಡ್ಲಿ."

ಮಾವನವರು ಎದ್ದು ನಿಂತರು. ಬಾಳಿನಲ್ಲಿ ಆಫೀಸರ ಎದುರು ದನಿ ಎತ್ತಿರದ ಮನುಷ್ಯ. "ಬೇಕಾದರೆ ಇಳಿಸ್ತೀನಿ. ಆದ್ರೆ ಪಾಳೆಯಗಾರ ಸಾಯಲೇಬೇಕು. ಅದಕ್ಕೇ ಬರೆದಿರೋದು ನಾನು ಇಷ್ಟು ವರ್ಷ."

ಕಾರ್ಯದರ್ಶಿ ಕನ್ನಡಕ ಒರೆಸಿ ಮತ್ತೆ ಮೂಗಿಗೇರಿಸಿದರು. "ಆತ್ರಿ, ಸಾಯ್ಲಿ. ಪಾಳೆಗಾರನ ಪಾರ್ಟ್ ನಾನೇ ಮಾಡ್ತೀನಿ. ಆದ್ರ ಪರದೆ ಬೀಳೂ ಮುಂಚೆ ಒಬ್ರು ಎದ್ದು ನಡದ್ರೂ ಅಲ್ಲಿಗೇ ಪರದೆ ಬಿಡಸ್ತೀನಿ. ಮಂದಿ ಎದ್ದು ಹೋಗೂದು ನೋಡಿ ನೋಡಿ ಸಾಕಾಗೇತಿ ನನಗ. ಮುಂದಿನ ವರ್ಷದಿಂದ ಹ್ಯಾಂಗೂ ನಾಟಕ ಬಂದ್. ಕಮಿಟಿಯವ್ರು ಆರ್ಕೆಸ್ಟ್ರಾ ತರಸೂದು ಅಂತ ಠರಾವ್ ಮಾಡ್ಯಾರ."

ಹೀಗೆ ಮಾವನವರಿಗೆ ಸಿಕ್ಕಿದ್ದು ಒಂದೇ ಒಂದು ಸಂಜೆ. ಅದರಲ್ಲೂ ಯಾರಾದರೂ ಏಳುವ ತನಕ ಮಾತ್ರ.

ಆ ದಿನ ಅವರು ತಿಂಡಿ ಮುಟ್ಟಲಿಲ್ಲ. ಅತ್ತೆ ನನ್ನ ಪಕ್ಕದಲ್ಲಿ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು. ಓದಿದ್ದನ್ನೆಲ್ಲ ಅಡುಗೆಮನೆಯಿಂದ ಕೇಳಿಸಿಕೊಂಡಿದ್ದರು.

"ಆ ರಾಣಿ ಯಾಕೆ ಅಷ್ಟುದ್ದ ಮಾತಾಡ್ತಾಳೆ ಅಂತ ಕೇಳಮ್ಮ. ಸಿಟ್ಟು ಬಂದವಳು ಅಷ್ಟು ಮಾತಾಡ್ತಾಳಾ?"

"ಅದು ಸ್ವಗತ ಅಂತ ಹೇಳು" ಎಂದರು ಮಾವನವರು ಗೋಡೆ ನೋಡುತ್ತಾ.

"ಹಾಗಂದ್ರೇನಂತೆ?"

"ಪಕ್ಕದಲ್ಲಿರೋರಿಗೆ ಕೇಳಿಸದ ಹಾಗೆ ತನಗೆ ತಾನೇ ಆಡಿಕೊಳ್ಳೋ ಮಾತು ಅಂತ ಹೇಳು."

"ಪಕ್ಕದವನಿಗೇ ಕೇಳಿಸಬಾರದ ಮಾತನ್ನ ಹಾಲಿನ ಕೊನೇ ಸಾಲಿಗೆ ಕೇಳೋ ಹಾಗೆ ಯಾಕೆ ಕೂಗ್ತಾಳೆ ಅಂತ ಕೇಳು."

ನಾನು ಇಬ್ಬರ ನಡುವೆ, ಒಂದು ಕೈಯಲ್ಲಿ ಪೆನ್ನು, ಒಂದು ಕೈಯಲ್ಲಿ ಹುರುಳಿಕಾಯಿ ಹಿಡಿದುಕೊಂಡು ಕೂತಿದ್ದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಆದರೂ ಒಂದೊಂದು ಮಾತೂ ಬಿಲ್ಲಿಗೇರಿಸಿದ ಹಾಗೆ ಹೊರಟು, ನನ್ನನ್ನು ಸವರಿಕೊಂಡು, ಹೋಗಿ ನಾಟುತ್ತಿದೆ. ಇಂಥದ್ದನ್ನು ಎದುರಿಗಿಟ್ಟುಕೊಂಡು ನಾನು ದಿನವೂ ಮೂರು ಪ್ರತಿ ತೆಗೆಯುತ್ತಿದ್ದದ್ದು "ತಿಳಿಯಪಡಿಸತಕ್ಕದ್ದು" ಎಂಬುದನ್ನು!

ಮಾರನೆಯ ದಿನದಿಂದ ನಾನು ಪ್ರತಿ ತೆಗೆಯುವಾಗ ಕಳ್ಳತನ ಮಾಡತೊಡಗಿದೆ. ರಾಣಿಯ ಐದು ಪುಟದ ಮಾತಿನ ಬದಲು, ಅವಳು ದಾಸಿಯ ಕಡೆ ತಿರುಗಿ "ಊಟಕ್ಕೆ ಹೊತ್ತಾಯಿತೆಂದು ಹೇಳೇ" ಎನ್ನುವ ಹಾಗೆ ಮಾಡಿದೆ. ರಾಜ "ಹಸಿವಿಲ್ಲವೆಂದು ಹೇಳೇ" ಎಂದ. "ನೆನ್ನೆ ತಮ್ಮನ ಮನೆಯಲ್ಲಿ ಉಂಡದ್ದೇ ಇನ್ನೂ ಅರಗಿಲ್ಲವೇ ಎಂದು ಕೇಳೇ" ಎಂದಳು ರಾಣಿ. ಎರಡು ಸಾಲಿನಲ್ಲಿ ಗಂಡನ ಮೇಲಿನ ಸಿಟ್ಟೂ ಬಂತು, ಮೈದುನನ ಮೇಲಿನ ಅನುಮಾನವೂ ಬಂತು. ನನಗೆ ಹೆದರಿಕೆಯಾಗುವಷ್ಟು ಖುಷಿಯಾಯಿತು.

ಮಾವನವರು ನನ್ನ ಪ್ರತಿಯನ್ನು ಆಫೀಸಿನ ಫೈಲಿನ ಹಾಗೆ ಕೆಂಪು ಪೆನ್ಸಿಲ್ ಹಿಡಿದು ನೋಡುತ್ತಿದ್ದರು. ಸಿಕ್ಕಿಬಿದ್ದೆ.

"ಇದೇನಮ್ಮ ಇದು?"

"ಕೈ ತಪ್ಪಿ ಹೋಯ್ತೇನೋ ಮಾವ."

"ಎಂಟು ಪುಟ ಕೈ ತಪ್ಪುತ್ತಾ?"

ತಲೆ ತಗ್ಗಿಸಿ ನಿಂತೆ. ಅವರು ಓದಿದರು. ಮತ್ತೆ ಮೊದಲಿಂದ ಓದಿದರು. ಕೆಂಪು ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡರು. ಅವರ ಹೊಟ್ಟೆ ಕುಲುಕುತ್ತಿತ್ತು. ನಗು ಎಂದು ನನಗೆ ಆಮೇಲೆ ಗೊತ್ತಾಯಿತು. ಅಡುಗೆಮನೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಅವಳಿಗೆ ಗೊತ್ತಾ?"

"ಇಲ್ಲ."

"ಗೊತ್ತಾಗೋದು ಬೇಡ."

ಮೊದಲ ಎರಡು ಅಂಕ ನನ್ನ ಕಳ್ಳತನ. ಆದರೆ ಮೂರನೇ ಅಂಕವನ್ನು ಅವರೇ ಬರೆದರು, ಒಂದೇ ಮಧ್ಯಾಹ್ನದಲ್ಲಿ, ಬಾಗಿಲು ಹಾಕಿಕೊಂಡು. ಎರಡನೇ ಅಂಕದ ಕೊನೆಗೆ ರಾಜ ಸಿಟ್ಟಿನಲ್ಲಿ ದಾಸಿಯನ್ನು ಮನೆಯಿಂದ ಅಟ್ಟುತ್ತಾನೆ. "ಇನ್ನು ನಿನ್ನ ದನಿ ನನ್ನ ಕಿವಿಗೆ ಬೀಳಕೂಡದು" ಎಂದು ರಾಣಿಗೂ ಹೇಳಿಬಿಡುತ್ತಾನೆ. ಮೂರನೇ ಅಂಕದಲ್ಲಿ ಇಬ್ಬರೇ. ತಮ್ಮ ಕಳಿಸಿದ ಹಾಲು ಮುಂದಿದೆ. ಅದರಲ್ಲಿ ಏನೋ ಬೆರೆಸಿದ್ದನ್ನು ರಾಣಿ ಕಿಟಕಿಯಿಂದ ಕಂಡಿದ್ದಾಳೆ, ಖಚಿತವಿಲ್ಲ. ಹೇಳೋಣವೆಂದರೆ ನಡುವೆ ಯಾರೂ ಇಲ್ಲ. ಗಂಡನಿಗೆ ನೇರವಾಗಿ ಹೇಳಿ ಅವಳಿಗೆ ಗೊತ್ತಿಲ್ಲ, ಈಗ ಹೇಳಲು ಅಭಿಮಾನ ಬಿಡುವುದಿಲ್ಲ. ದೀಪಕ್ಕೆ ಹೇಳುತ್ತಾಳೆ. ಅವನು ಎಂದಿನ ಕೊಂಕು ಎಂದುಕೊಂಡು ಲೋಟ ಎತ್ತುತ್ತಾನೆ. ಸೈನಿಕರು ಯಾರೂ ಸಾಯಲಿಲ್ಲ. ಏಳು ಸಾವು ಒಂದಕ್ಕೆ ಇಳಿದಿತ್ತು.

ಆ ಹಾಳೆಗಳನ್ನು ನನ್ನ ಕೈಗೆ ಕೊಡುವಾಗ ಮಾವನವರು ನನ್ನ ಮುಖ ನೋಡಲಿಲ್ಲ. ಆ ದಿನ ಒಂದು ಅಕ್ಷರವನ್ನೂ ನಾನು ಬದಲಾಯಿಸಲಿಲ್ಲ. ಹಾಗಾದರೆ ಇಷ್ಟು ವರ್ಷ ಆ ದೀಪದ ಮಾತೆಲ್ಲ ಇವರ ಕಿವಿಗೆ ಬೀಳುತ್ತಲೇ ಇತ್ತು.

ರಾಣಿಯ ಪಾತ್ರಕ್ಕೆ ವಿಮಾ ಆಫೀಸಿನ ಟೈಪಿಸ್ಟ್ ಹುಡುಗಿಯೊಬ್ಬಳು ಸಿಕ್ಕಿದಳು. ಮದ್ರಾಸಿನಲ್ಲೇ ಹುಟ್ಟಿ ಬೆಳೆದವಳು, ಮನೆಮಾತು ಕನ್ನಡ, ಓದಲು ಬರುತ್ತಿದ್ದದ್ದು ತಮಿಳು. ಅವಳ ಮಾತುಗಳನ್ನೆಲ್ಲ ನಾನು ತಮಿಳು ಅಕ್ಷರದಲ್ಲಿ ಮತ್ತೊಮ್ಮೆ ಬರೆದುಕೊಟ್ಟೆ. ದಾಸಿಯಾಗಲು ಯಾರೂ ಒಪ್ಪಲಿಲ್ಲ. "ಮನೇಲಿ ಮಾಡೋ ಕೆಲಸಾನೇ ಅಲ್ಲೂ ಮಾಡು, ಪ್ರಾಕ್ಟೀಸ್ ಬೇಡ" ಎಂದು ನನ್ನ ಗಂಡ ನನ್ನ ಹೆಸರು ಕೊಟ್ಟುಬಿಟ್ಟರು.

"ಅಕ್ಕಾ, ಈ ರಾಣಿ ಯಾಕೆ ಸ್ಟ್ರೈಟಾಗಿ ಹೇಳಲ್ಲ?" ಎಂದು ಹುಡುಗಿ ರಿಹರ್ಸಲ್ಲಿನಲ್ಲಿ ರೇಗಿದಳು. "ಪಾಯ್ಸನ್ ಇದೆ, ಕುಡಿಯಬೇಡಿ ಅಂತ ಹೇಳಿಬಿಟ್ರೆ ಮುಡಿಂಜು ಪೋಚ್ಚು, ಕಥೆ ಮುಗೀತು, ಎಲ್ಲರೂ ಮನೆಗೆ ಹೋಗ್ಬೋದು!"

"ಹೇಳೋಕಾಗಲ್ಲ, ಅದಕ್ಕೇ ಜನ ಮನೆಗೆ ಹೋಗದೆ ಕೂತಿರ್ತಾರೆ."

"ಅಯ್ಯೋ, ನಾನಾಗಿದ್ರೆ ಲೋಟಾನೇ ತಳ್ಳಿಬಿಡ್ತಿದ್ದೆ."

"ನೀನು ತಳ್ತೀಯ, ನಿನ್ನನ್ನ ಇಟ್ಟುಕೊಂಡು ದುರಂತ ನಾಟಕ ಬರೆಯೋಕಾಗಲ್ಲ" ಎಂದೆ. ಆಮೇಲೆ ಅವಳಿಗೆ ಪಾಠ ಹೇಳಿಕೊಟ್ಟೆ: ಗಂಡನ ಮುಖ ನೋಡಬೇಡ, ಅವನ ಪಕ್ಕದಲ್ಲಿರುವ ವಸ್ತುವನ್ನು ನೋಡು. ಸಿಟ್ಟು ಬಂದಾಗ ಕೂಗಬೇಡ, ಇನ್ನೂ ಮೆತ್ತಗೆ ಹೇಳು. ಹೇಳಿದ ಮೇಲೆ ಸೆರಗಿನ ಅಂಚನ್ನು ಒಂದು ಸಲ ನೀವಿಕೋ. ಹುಡುಗಿ ಜಾಣೆ. ಮೂರೇ ದಿನದಲ್ಲಿ ನಮ್ಮತ್ತೆಯೇ ಎದ್ದು ಬಂದ ಹಾಗೆ ಮಾಡಿದಳು. ನನಗೆ ಆಗಲೇ ಭಯವಾಗಬೇಕಿತ್ತು.

ವಾರ್ಷಿಕೋತ್ಸವದ ಸಂಜೆ, ಅಡ್ಯಾರಿನ ಒಂದು ಸ್ಕೂಲಿನ ಹಾಲ್. ಹಿಂಬದಿಯಲ್ಲಿ ಅಡುಗೆಯವರು ಆಗಲೇ ದೊಡ್ಡ ಪಾತ್ರೆಗಳಲ್ಲಿ ಕೈಯಾಡಿಸುತ್ತಿದ್ದರು. ಅತ್ತೆ ಎರಡನೇ ಸಾಲಿನಲ್ಲಿ, ಬಾದಾಮಿ ಬಣ್ಣದ ರೇಷ್ಮೆ ಸೀರೆಯುಟ್ಟು ಕೂತಿದ್ದರು. ಮಾವನವರು ಸೈಡ್ ವಿಂಗಿನಲ್ಲಿ, ಶಲ್ಯ ಹೊದ್ದುಕೊಂಡು, ಪರೀಕ್ಷೆ ಬರೆಯಲು ಬಂದವರ ಹಾಗೆ ನಿಂತಿದ್ದರು.

ಮೊದಲ ಅಂಕದಲ್ಲಿ ನಾನು ಎರಡಡಿ ದೂರದಲ್ಲಿದ್ದ ರಾಜನ ಕಡೆ ತಿರುಗಿ "ಊಟಕ್ಕೆ ಏಳಬೇಕಂತೆ" ಎಂದೆ, ನೋಡಿ. ಹಾಲ್ ಬಿದ್ದು ಬಿದ್ದು ನಕ್ಕಿತು. ಹೆಂಗಸರು ಗಂಡಂದಿರ ಪಕ್ಕೆ ತಿವಿದರು. ಧಾರವಾಡದವರು, ಮೈಸೂರಿನವರು, ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದು ಅರ್ಧ ತಮಿಳಾದವರು, ಎಲ್ಲರ ಮನೆಯಲ್ಲೂ ಒಬ್ಬ ಅಜ್ಜಿ ಹೀಗೇ ಮಾತಾಡುತ್ತಿದ್ದಿರಬೇಕು. ರಾಜ ಹುಬ್ಬಳ್ಳಿ ಕನ್ನಡದಲ್ಲಿ "ಹಸಿವಿಲ್ಲಂತ ಹೇಳ್ಬೇ" ಎಂದಾಗ ಇನ್ನೊಂದು ಅಲೆ. ನಾನು ಒಳಗೆ ಬಂದಾಗ ಮಾವನವರ ಮುಖ ಬಿಳಿಚಿತ್ತು.

"ನಗ್ತಾ ಇದಾರಲ್ಲಮ್ಮ! ದುರಂತ ನಾಟಕ ಅಂತ ಬೋರ್ಡಿನ ಮೇಲೆ ಬರೆದಿದೆ ತಾನೆ?"

"ನಗಲಿ ಮಾವ. ಎದ್ದು ಹೋಗ್ತಾ ಇಲ್ಲವಲ್ಲ."

ನಗದೆ ಇದ್ದವರು ಒಬ್ಬರೇ. ಪರದೆಯ ಸಂದಿಯಿಂದ ನೋಡಿದೆ. ಅತ್ತೆ ಸ್ಟೇಜಿನ ಮೇಲಿನ ಹುಡುಗಿ ಸೆರಗು ನೀವಿಕೊಳ್ಳುವುದನ್ನು ನೋಡಿದರು. ತಮ್ಮ ಕೈ ತಮ್ಮ ಸೆರಗಿನ ಮೇಲಿರುವುದನ್ನು ನೋಡಿಕೊಂಡರು. ಕೈಯನ್ನು ಮೆಲ್ಲಗೆ ಎತ್ತಿ ಮಡಿಲಲ್ಲಿಟ್ಟುಕೊಂಡರು.

ಎರಡನೇ ಅಂಕದ ಕೊನೆಗೆ ರಾಜ ನನ್ನನ್ನು ಅಟ್ಟಿದ. ನಗು ಅಷ್ಟರಲ್ಲಿ ತೆಳ್ಳಗಾಗಿತ್ತು. ನಾನು ಹೊರಗೆ ಹೋದದ್ದರಿಂದ ಸ್ಟೇಜಿನ ಮೇಲೆ ಏನೋ ಕೆಟ್ಟದ್ದಾಗುತ್ತದೆ ಎಂದು ಜನಕ್ಕೆ ಹೇಗೆ ಗೊತ್ತಾಯಿತೋ! ಮೂರನೇ ಅಂಕ. ಹಾಲಿನ ಲೋಟ. ಹುಡುಗಿ ಗಂಡನ ಕಡೆ ಒಂದು ಹೆಜ್ಜೆ ಇಟ್ಟಳು. ಬಾಯಿ ತೆರೆದಳು. ಮುಚ್ಚಿದಳು. ದೀಪದ ಕಡೆ ತಿರುಗಿದಳು.

"ದೀಪವೇ, ಈ ಹೊತ್ತು ಹಾಲು ಬೇಡವೆಂದು ಯಾರಾದರೂ ಹೇಳಬಾರದೇ?"

ಮೊದಲ ಅಂಕದಲ್ಲಿ ನಗಿಸಿದ ಧಾಟಿಯೇ. ಹಿಂದಿನ ಸಾಲಿನಲ್ಲಿ ಯಾರೋ ನಗಲು ಶುರು ಮಾಡಿ ಅರ್ಧಕ್ಕೇ ನಿಲ್ಲಿಸಿದರು.

"ದೀಪಕ್ಕರ ಸುಮ್ಮನಿರಾಕ ಬಿಡವೊಲ್ಲಿ" ಎಂದು ರಾಜ ಲೋಟ ಕೈಗೆತ್ತಿಕೊಂಡ.

"ದೀಪವೇ, ಒಂದು ದಿನ ಹಾಲು ಕುಡಿಯದಿದ್ದರೆ ಏನಾಗುತ್ತದೆ ಎಂದು ಕೇಳು." ದನಿ ಇನ್ನೂ ಮೆತ್ತಗಾಯಿತು. ಆ ಹೊತ್ತಿಗೆ ಸರಿಯಾಗಿ ಬಿಸಿಬೇಳೆ ಭಾತಿನ ವಾಸನೆ ಸಭೆಯೊಳಗೆ ಬಂತು, ತುಪ್ಪದ ಒಗ್ಗರಣೆ ಸಮೇತ. ಯಾರೂ ಅಲುಗಲಿಲ್ಲ. ಮಾವನವರು ನನ್ನ ತೋಳನ್ನು ಹಿಡಿದುಕೊಂಡಿದ್ದರು, ಬಳೆ ಒತ್ತುತ್ತಿತ್ತು.

ಆಗ ಒಬ್ಬರು ಎದ್ದರು. ಎರಡನೇ ಸಾಲು, ಬಾದಾಮಿ ಬಣ್ಣದ ಸೀರೆ. ಅಕ್ಕಪಕ್ಕದವರ ಮೊಣಕಾಲು ದಾಟಿಕೊಂಡು, ಯಾರನ್ನೂ ನೋಡದೆ, ಪಕ್ಕದ ಬಾಗಿಲಿನಿಂದ ಹೊರಟೇಹೋದರು.

ಕಾರ್ಯದರ್ಶಿಗಳ ಲೋಟ ತುಟಿಯ ಹತ್ತಿರ ನಿಂತಿತು. ಅವರೂ ನೋಡಿದ್ದರು. ಪರದೆಯ ಹಗ್ಗ ಹಿಡಿದವನು ಅವರ ಸನ್ನೆಗೆ ಕಾಯುತ್ತಿದ್ದ. ಕಾರ್ಯದರ್ಶಿ ಖಾಲಿಯಾದ ಆ ಒಂದು ಕುರ್ಚಿಯನ್ನು ನೋಡಿದರು, ತುಂಬಿ ಕೂತಿದ್ದ ಸಭೆಯನ್ನು ನೋಡಿದರು, ಲೋಟದ ಹಾಲನ್ನು ಗಟಗಟ ಕುಡಿದುಬಿಟ್ಟರು. "ನೋಡಿರಿ ಮಾವ!" ಎಂದು ಪಕ್ಕಕ್ಕೆ ತಿರುಗಿದೆ. ನನ್ನ ತೋಳಿನ ಮೇಲೆ ಕೈಯಿರಲಿಲ್ಲ. ಇಷ್ಟು ವರ್ಷ ಕಾದು ಸಾಯಿಸಿದ ಪಾಳೆಯಗಾರನ ಸಾವನ್ನು ಬರೆದವರೇ ನೋಡಲಿಲ್ಲ.

ಪರದೆ ಬಿತ್ತು. ಆಮೇಲೆ ಬಂದ ಚಪ್ಪಾಳೆಗೆ ತಗಡಿನ ಮಾಡು ಅದುರಿತು. ಕಾರ್ಯದರ್ಶಿ ಸತ್ತಲ್ಲಿಂದಲೇ ಒಂದು ಕಣ್ಣು ತೆರೆದು, "ಎಲ್ಲ್ಯದಾರ್ರೀ ಸರ? ಕರೀರಿ, ಮಂದಿ ನೋಡ್ಬೇಕಂತಾರ" ಎಂದರು.

ಹಿತ್ತಲಿಗೆ ಓಡಿದೆ. ಕೈತೊಳೆಯುವ ನಲ್ಲಿಗಳ ಪಕ್ಕದ ಸಿಮೆಂಟ್ ಬೆಂಚಿನ ಮೇಲೆ ಅತ್ತೆ ಕೂತಿದ್ದರು. ನಾಲ್ಕಡಿ ದೂರದಲ್ಲಿ ಮಾವನವರು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಎಷ್ಟು ಹೊತ್ತಿನಿಂದ ಹಾಗಿದ್ದರೋ. ನನ್ನನ್ನು ಕಂಡದ್ದೇ ಇಬ್ಬರ ಮುಖಕ್ಕೂ ಜೀವ ಬಂತು.

"ಮಾವ, ಸ್ಟೇಜಿಗೆ ಕರೀತಾ ಇದಾರೆ."

ಅವರು ಕದಲಲಿಲ್ಲ. ಅತ್ತೆ ನಲ್ಲಿಯನ್ನು ನೋಡಿಕೊಂಡು, ಬಹಳ ಮೆತ್ತಗೆ, ನನಗೆ ಹೇಳಿದರು. "ಆ ದೀಪಕ್ಕೆ ಹೇಳಿದ್ದು ಆ ಮನುಷ್ಯನ ಕಿವಿಗೆ ಬಿತ್ತಾ ಅಂತ ಕೇಳಮ್ಮ."

ಮಾವನವರು ಶಲ್ಯದ ತುದಿಯಿಂದ ಮುಖ ಒರೆಸಿಕೊಂಡರು. ಸಾವೊಂದು ಬೇಕೇ ಬೇಕೆಂದು ಕಾರ್ಯದರ್ಶಿಗಳ ಎದುರು ಎದ್ದು ನಿಂತಿದ್ದ ಮನುಷ್ಯ.

"ಬಿತ್ತು ಅಂತ ಹೇಳು" ಎಂದರು. "ಲೋಟ ಕೆಳಗಿಟ್ಟ ಅಂತ ಹೇಳು."

ನಾನು ಮಧ್ಯದಲ್ಲಿ ನಿಂತಿದ್ದೆ. ಒಳಗಿನಿಂದ ಮತ್ತೊಂದು ಸುತ್ತು ಚಪ್ಪಾಳೆ ಕೇಳಿಬಂತು. ಅತ್ತೆ ಸ್ವಲ್ಪ ತಲೆ ವಾಲಿಸಿ ಅದು ಪೂರ್ತಿ ಮುಗಿಯುವ ತನಕ ಆಲಿಸಿದರು.

"ಕೆಳಗಿಟ್ಟಿದ್ರೆ ಇಷ್ಟು ಚಪ್ಪಾಳೆ ಯಾಕಂತೆ?" ಎಂದರು. ಆಮೇಲೆ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡರು. "ಹೋಗಿಬರೋಕೆ ಹೇಳು. ಶಲ್ಯ ಉಲ್ಟಾ ಹೊದ್ದಿದೆ ಅಂತಲೂ ಹೇಳು."

ಮಾವನವರು ಶಲ್ಯ ತೆಗೆದು, ಕೊಡವಿ, ಸರಿಯಾಗಿ ಹೊದ್ದುಕೊಂಡು ಒಳಗೆ ಹೋದರು.